ಹದಿನಾಲ್ಕು ಸೀರೆಯ ಮನೆ

ಭಾನುವಾರ ಬೆಳಿಗ್ಗೆ ಆರೂವರೆಗೆಲ್ಲ ಕುರುಬರಹಳ್ಳಿಯ ಆ ಸಣ್ಣ ಅಡ್ಡರಸ್ತೆಗೆ ಒಂದು ಲಗೇಜ್ ಆಟೊ ಬಂದು ನಿಂತಿತು. ಒಂಬತ್ತು ಸರ್ವೆ ಮರದ ಉದ್ದನೆಯ ಗಳು, ಎರಡು ಸುತ್ತು ಹಗ್ಗ, ಒಂದು ಹಾರೆ, ನೀರಿನ ಕ್ಯಾನು, ಚಿತ್ರಾನ್ನದ ಡಬ್ಬಿ, ಒಂದು ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ಮೂರು ದೊಡ್ಡ ಗಂಟು ಹಳೇ ಸೀರೆ, ಎಲ್ಲ ಹಿಂದೆ ಏರಿದವು. ಸುವರ್ಣಾಳ ಅತ್ತೆ, ಎಪ್ಪತ್ತಾರು ವರ್ಷದ ಪಟಾಲಮ್ಮ ಮುಂದೆ ಡ್ರೈವರ್ ಪಕ್ಕದಲ್ಲಿ ಕೂತು, ಎಲೆಯಡಿಕೆ ಸಂಚಿ ಬಿಚ್ಚಿಯೂ ಆಗಿತ್ತು. ಎದುರುಮನೆಯಾಕೆ ಬಾಲ್ಕನಿಯಿಂದ ಬಗ್ಗಿ, "ಏನ್ ಸುವರ್ಣಾ, ಮನೆ ಖಾಲಿ ಮಾಡ್ತಿದೀರಾ?" ಎಂದು ಕೇಳಿದರು.

"ಇಲ್ಲ ಆಂಟಿ, ಮನೆ ಟ್ರಯಲ್ ನೋಡೋಕೆ ಹೋಗ್ತಾ ಇದೀವಿ!" ಎಂದು ಸುವರ್ಣಾ ಕೂಗಿದಳು. ಬೀದಿಗೆಲ್ಲ ಕೇಳಿಸಲಿ ಎಂದೇ ಕೂಗಿದಳು. ನಲವತ್ತೇಳು ವರ್ಷದ ಹೆಂಗಸು, ಶಾಲೆಯಿಂದ ಟೂರಿಗೆ ಹೊರಟ ಹುಡುಗಿಯ ಹಾಗೆ ಕುಣಿಯುತ್ತಿದ್ದಳು. ಅವಳ ಹಿಂದೆ ನಿಂತಿದ್ದ ಗಂಡ ಉದಯಕುಮಾರ್ ಮಾತ್ರ ಯಾರ ಮುಖವನ್ನೂ ನೋಡದೆ ಬೈಕಿಗೆ ಕಿಕ್ ಹೊಡೆದ.

ಸುವರ್ಣಾ ಟೈಲರ್. ಇಪ್ಪತ್ತು ವರ್ಷದಿಂದ ಬಾಡಿಗೆ ಮನೆಯ ಹಾಲಿನ ಮೂಲೆಯಲ್ಲಿ ಮಿಷನ್ ಇಟ್ಟುಕೊಂಡು ಬ್ಲೌಸ್ ಹೊಲಿಯುವವಳು. ಯಾರಾದರೂ ಮದುವೆಯ ರೇಷ್ಮೆ ತಂದುಕೊಟ್ಟರೆ ನೇರವಾಗಿ ಕತ್ತರಿ ಹಾಕುವವಳೇ ಅಲ್ಲ. ಮೊದಲು ಹಳೇ ಪಂಚೆಯಲ್ಲೊಂದು ಹೊಲಿದು, ಅದನ್ನು ತೊಡಿಸಿ, ಕೈ ಎತ್ತಿಸಿ, ಬಗ್ಗಿಸಿ, ಎಲ್ಲಿ ಎಳೆಯುತ್ತದೆ, ಎಲ್ಲಿ ಸಡಿಲವಾಗುತ್ತದೆ ಎಂದು ನೋಡಿದ ಮೇಲೆಯೇ ರೇಷ್ಮೆಗೆ ಕೈ ಹಾಕುವುದು. ಒಂದು ತುಂಡು ಬಟ್ಟೆಗೇ ಇಷ್ಟು ಜೋಪಾನ ಮಾಡುವವಳು, ಜನ್ಮಕ್ಕೊಂದೇ ಸಲ ಕಟ್ಟಿಸುವ ಮನೆಗೆ ಟ್ರಯಲ್ ಇಲ್ಲದೆ ಕತ್ತರಿ ಹಾಕಿಯಾಳೇ? ನೀವೇ ಹೇಳಿ.

ಜಾಗ ಇದ್ದದ್ದು ತಾವರೆಕೆರೆ ದಾಟಿ, ಮಾಗಡಿ ರಸ್ತೆ ಬಿಟ್ಟು ಆರು ಕಿಲೋಮೀಟರು ಒಳಗೆ, ಹೊನ್ನಗಟ್ಟ ಎಂಬ ಊರಿನ ಅಂಚಿನಲ್ಲಿ. ನಲವತ್ತು-ಅರವತ್ತರ ಸೈಟು. ಗ್ರಾಮಠಾಣಾ ಜಾಗ, ಪಂಚಾಯಿತಿ ಖಾತೆ, ಕಾಗದವೆಲ್ಲ ನೇರ. ಡಿಸೆಂಬರಿನಲ್ಲಿ ರಿಜಿಸ್ಟ್ರೇಷನ್ ಆದ ದಿನ ಪಟಾಲಮ್ಮ ಒಂದು ಹಿಡಿ ಮಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಜಾಗ ಕೊಂಡ ಮೇಲೆ ಕೈಯಲ್ಲಿ ಉಳಿದದ್ದು ಏಳು ಲಕ್ಷ. ಅದು ಮುಗಿದರೆ ಇನ್ನೊಂದು ಏಳು ಲಕ್ಷ ಎಲ್ಲಿಂದಲೂ ಬರುವ ಹಾಗಿರಲಿಲ್ಲ. ಅಷ್ಟರಲ್ಲೇ ಬಾಡಿಗೆ ಮನೆಯ ಓನರ್ ಕರೆದು, "ಇದನ್ನ ಒಡೆದು ಐದ್ ಫ್ಲೋರ್ ಎತ್ತುತೀವಿ, ಮೇ ಕೊನೆಗೆ ಖಾಲಿ ಮಾಡ್ಬಿಡಿ" ಎಂದು ಹೇಳಿಬಿಟ್ಟರು. ಇಪ್ಪತ್ತೆರಡು ವರ್ಷದಲ್ಲಿ ಏಳು ಬಾಡಿಗೆ ಮನೆ ಬದಲಾಯಿಸಿದವಳು ಸುವರ್ಣಾ. ಎಂಟನೆಯದಕ್ಕೆ ಹೋಗುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದಳು. ಜೂನ್ ಒಂದನೇ ತಾರೀಕು ತನ್ನ ಮನೆಯ ಒಲೆಯ ಮೇಲೆ ಹಾಲು ಉಕ್ಕಬೇಕು, ಅಷ್ಟೆ.

ಆಮೇಲೆ ನೋಡಿ ಅವಳ ತಿರುಗಾಟ! ಮಗಳು ದಿವ್ಯ ಫೋನಿನಲ್ಲಿ ತೋರಿಸಿದಳೆಂದು ಕಂಟೇನರ್ ಮನೆ ನೋಡಲು ಹೋದಳು. ಹೊರಗಿನಿಂದ ಮುದ್ದಾಗಿತ್ತು. ಒಳಗೆ ಹತ್ತು ನಿಮಿಷ ನಿಂತದ್ದಕ್ಕೆ ಇಡ್ಲಿ ಪಾತ್ರೆಯಲ್ಲಿ ಕೂತ ಹಾಗಾಗಿ ಓಡಿ ಬಂದಳು. ಸಿಮೆಂಟ್ ಹಲಗೆ ಜೋಡಿಸಿ ವಾರದಲ್ಲಿ ಮನೆ ನಿಲ್ಲಿಸುವವರು ಸಿಕ್ಕರು. ಆದರೆ ಆ ಹಲಗೆ ಇಳಿಸುವ ಕ್ರೇನು ಹೊನ್ನಗಟ್ಟದ ಓಣಿಯಲ್ಲಿ ತಿರುಗುವುದೇ ಇಲ್ಲವಂತೆ. ಶೀಟಿನ ಮನೆ ಎನ್ನುತ್ತಿದ್ದ ಹಾಗೆ ಪಟಾಲಮ್ಮ ಕೈ ಮುಗಿದುಬಿಟ್ಟಳು. "ಮೂವತ್ತು ವರ್ಷ ಶೀಟಿನ್ ಕೆಳಗೆ ಬೆಂದಿದೀನಿ ಕಣಮ್ಮ, ಇನ್ ನನ್ ಕೈಲಿ ಆಗಲ್ಲ."

ಕೊನೆಗೆ ಸಿಕ್ಕಿದ್ದು ಅದೇ ಊರಿನ ಮುದುಕ ಮೇಸ್ತ್ರಿ ಮುನಿವೆಂಕಟಪ್ಪ. ಅವನದು ಮಣ್ಣಿನ ಇಟ್ಟಿಗೆ. ನೀರಿನ ತೊಟ್ಟಿಗೆ ಗುಂಡಿ ತೋಡಿದಾಗ ಬರುವ ಮಣ್ಣಿಗೇ ಒಂದಿಷ್ಟು ಸಿಮೆಂಟ್ ಕಲಸಿ, ಕೈ ಮಿಷನ್ನಿನಲ್ಲಿ ಒತ್ತಿ, ನೆರಳಲ್ಲಿ ಒಣಗಿಸುವುದು. ಸುಡುವ ಕೆಲಸವಿಲ್ಲ, ಲಾರಿ ಬಾಡಿಗೆ ಇಲ್ಲ. ಕಲ್ಲಿನ ಪಾಯ, ಮೇಲೆ ಹಂಚು, ಗೋಡೆಯೇ ಭಾರ ಹೊರುವುದರಿಂದ ಪಿಲ್ಲರ್ ಬೇಡ. ಸುವರ್ಣಾ ಅಳತೆ ಹೇಳಿದಳು. ಅವನು ಬೆರಳು ಮಡಚಿ ಲೆಕ್ಕ ಹಾಕಿ, "ಏಳು ಲಕ್ಷಕ್ಕೆ ಬಾಗ್ಲು ಬೀಗ ಎಲ್ಲಾ ಸೇರಿ ಮಾಡ್ಕೊಡ್ತೀನಿ ತಾಯಿ. ಮೂರ್ ತಿಂಗ್ಳು ಸಾಕು" ಎಂದ. ಅವತ್ತು ಸುವರ್ಣಾಳಿಗೆ ಬಸ್ಸಿನಲ್ಲಿ ಕೂರಲಿಕ್ಕೇ ಆಗಲಿಲ್ಲ. ಕಾಮಾಕ್ಷಿಪಾಳ್ಯದವರೆಗೂ ಖಾಲಿ ಸೀಟಿನ ಪಕ್ಕ ನಿಂತೇ ಬಂದಳು.

ಆದರೆ ಉದಯಕುಮಾರನ ಪಟ್ಟೇ ಬೇರೆ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಪೇಂಟಿಂಗ್ ಶೆಡ್ಡಿನ ಸೂಪರ್‌ವೈಸರ್. ಮಾತು ಕಮ್ಮಿ, ಹಟ ಜಾಸ್ತಿ. "ಕಟ್ಟಿಸಿದ್ರೆ ಮೂರ್ ಫ್ಲೋರಿನ ಪಾಯ ಹಾಕಿ ಪಿಲ್ಲರ್ ಎಬ್ಬಿಸ್ಬೇಕು. ಕೆಳಗೆ ನಾವು, ಮೇಲೆ ಎರಡು ಬಾಡಿಗೆ" ಎಂಬುದೇ ಅವನ ಮಾತು. ಅದಕ್ಕೆ ಕಂಟ್ರಾಕ್ಟರ್ ವೆಂಕಟೇಶ್ ಕೊಟ್ಟ ಲೆಕ್ಕ ಆರೂವರೆ ಲಕ್ಷ. ಪಾಯ, ಒಂಬತ್ತು ಪಿಲ್ಲರ್, ಬೀಮು. ಗೋಡೆ ಮತ್ತು ಮೇಲಿನ ಮೋಲ್ಡು ಯಾವಾಗ ಎಂದರೆ, "ನಿಧಾನಕ್ಕೆ ಮಾಡ್ಕೊಳ್ಳಿ ಸಾರ್, ಪಿಲ್ಲರ್ ಎಲ್ಲೂ ಓಡೋಗಲ್ಲ" ಎಂದಿದ್ದ. ಆ ಹೊನ್ನಗಟ್ಟದಲ್ಲಿ ಬಾಡಿಗೆಗೆ ಬರುವವರು ಯಾರು ಎಂದು ಸುವರ್ಣಾ ಕೇಳಿದರೆ, ಗಂಡ ಎದ್ದು ಹೊರಗೆ ಹೋಗುತ್ತಿದ್ದ. ಈ ಭಾನುವಾರವೇ ಸಂಜೆ ನಾಲ್ಕು ಗಂಟೆಗೆ ವೆಂಕಟೇಶ್ ಸೈಟಿಗೇ ಬಂದು ಅಡ್ವಾನ್ಸ್ ತೆಗೆದುಕೊಂಡು ಹೋಗುವುದೆಂದು ಮಾತಾಗಿತ್ತು. ಚೆಕ್ಕು ಉದಯಕುಮಾರನ ಅಂಗಿಯ ಜೇಬಿನಲ್ಲಿತ್ತು. ಸುವರ್ಣಾ ಬೇಡಿಕೊಂಡದ್ದು ಒಂದೇ, ನಾಲ್ಕು ಗಂಟೆಯವರೆಗೆ ಜಾಗ ನನಗೆ ಬಿಡಿ ಎಂದು.

ಎಂಟು ಗಂಟೆಗೆ ಸೈಟು ತಲುಪಿದವರೇ ಶುರು ಹಚ್ಚಿಕೊಂಡರು. ದಿವ್ಯ ಸುಣ್ಣದ ಪುಡಿಯಲ್ಲಿ ಗೆರೆ ಎಳೆದಳು. ಉದಯಕುಮಾರ್ ಮುಖ ಗಂಟು ಹಾಕಿಕೊಂಡೇ ಹಾರೆಯಿಂದ ಗುಳಿ ತೋಡಿದ. ಕೆಲಸ ಕಂಡರೆ ಅವನಿಗೆ ಕೈ ಕಟ್ಟಿ ನಿಲ್ಲಲಿಕ್ಕೆ ಬರುವುದಿಲ್ಲ, ಪಾಪ. ಒಂಬತ್ತು ಗಳು ನೆಟ್ಟು, ಮೇಲೆ ಕೆಳಗೆ ಹಗ್ಗ ಬಿಗಿದ ಮೇಲೆ ಸೀರೆ ಗಂಟು ಬಿಚ್ಚಿದರು. ಪಾತ್ರೆ ಮಾರುವವಳಿಗೆ ಕೊಟ್ಟು ಸ್ಟೀಲ್ ಡಬ್ಬ ತೆಗೆದುಕೊಳ್ಳೋಣವೆಂದು ವರ್ಷಗಟ್ಟಲೆ ಕೂಡಿಟ್ಟ ಸೀರೆಗಳು. ವಾರವಿಡೀ ಕೂತು ಗೋಡೆಯವನ್ನೆಲ್ಲ ಸುವರ್ಣಾ ಅಂಚಿಗಂಚು ಸೇರಿಸಿ ಎರಡೆರಡನ್ನು ಒಂದು ಮಾಡಿದ್ದಳು, ಆಳೆತ್ತರಕ್ಕೆ ಬರಲಿ ಎಂದು. ಮನೆಯ ಅಳತೆಯೂ ಸೀರೆಯದೇ: ಉದ್ದಕ್ಕೂ ಒಂದು ಸೀರೆ, ಅಗಲಕ್ಕೂ ಒಂದು ಸೀರೆ, ಅಂದರೆ ಹದಿನೆಂಟು ಅಡಿಗೆ ಹದಿನೆಂಟು ಅಡಿ. ಸುತ್ತಲಿನ ಗೋಡೆಗೆ ಎಂಟು, ಒಳಗೋಡೆಗೆ ಎರಡು, ಸೂರಿಗೆ ನಾಲ್ಕು. ಒಟ್ಟು ಹದಿನಾಲ್ಕು. ಬಚ್ಚಲಿಗೆ ಮಾತ್ರ ಸೂರು ಸಾಲದೆ ಆಕಾಶ ಕಾಣುತ್ತಿತ್ತು.

ಕೊನೆಯ ಪಿನ್ನು ಚುಚ್ಚಿದ್ದೇ ತಡ, ದಿವ್ಯ "ಅಮ್ಮಾ, ಮನೆ!" ಎಂದು ಕಿರುಚಿದಳು. ನಿಜವಾಗಲೂ ಮನೆ! ಹಸಿರು ನೈಲೆಕ್ಸ್ ಸೀರೆಯ ಹಾಲ್, ನೀಲಿ ಹೂವಿನ ರೂಮು, ಪಟಾಲಮ್ಮನ ಹಳೇ ಕೆಂಪು ಇಳಕಲ್ಲಿನ ಅಡುಗೆಮನೆ. ಬಿಸಿಲು ಒಳಗೆಲ್ಲ ಬಣ್ಣಬಣ್ಣವಾಗಿ ಬೀಳುತ್ತಿತ್ತು. ಸುವರ್ಣಾ ಬಾಗಿಲ ಜಾಗದಲ್ಲಿ ಬಿಟ್ಟಿದ್ದ ಸಂದಿಯಿಂದ ಬಲಗಾಲಿಟ್ಟು ಒಳಗೆ ಬಂದಳು. ಪಟಾಲಮ್ಮ ಕುರ್ಚಿಯನ್ನು ಹಾಲಿನ ನಡುವೆ ಹಾಕಿಸಿಕೊಂಡು ಕೂತು, "ಟಿವಿ ಎಲ್ಲಿ ಇಡ್ತೀಯಾ?" ಎಂದು ಕೇಳಿದಳು. ಅತ್ತೆ ಸೊಸೆ ಇಬ್ಬರೂ ಅದರ ಮೇಲೆ ಕಾಲು ಗಂಟೆ ವಾದ ಮಾಡಿದರು. ಅಡುಗೆಮನೆಯಲ್ಲಿ ಕೂತು ಚಿತ್ರಾನ್ನ ತಿಂದರು. ಸುವರ್ಣಾ ಇಲ್ಲದ ಒಲೆಯ ಮುಂದೆ ನಿಂತು ಕೈ ಚಾಚಿ ನೋಡಿದಳು, ಇಲ್ಲದ ಸಿಂಕಿಗೆ ತಿರುಗಿ ನೋಡಿದಳು, ರೂಮಿನ ಬಾಗಿಲನ್ನು ಎರಡು ಸಲ ಆಚೆ ಈಚೆ ಸರಿಸಿದಳು. ಟ್ರಯಲ್ ಎಂದರೆ ಇದು!

ಹನ್ನೊಂದಕ್ಕೆ ಮುನಿವೆಂಕಟಪ್ಪ ಬಂದ. ಬಾಗಿಲ ಸಂದಿಯಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ಒಂದು ಸುತ್ತು ನೋಡಿ, ತಲೆ ಕೆರೆದುಕೊಂಡ.

"ಎಲ್ಲಾ ಚೆಂದಾಗೈತೆ ತಾಯಿ. ಆದ್ರೆ ಎಡಕ್ಕೂ ಬಲಕ್ಕೂ ಒಂದೂ ಕಿಟಕಿ ಇಲ್ವಲ್ಲ, ಯಾಕೆ?"

"ಅಲ್ಲಿ ಪಕ್ಕದ ಮನೆ ಗೋಡೆ ಬರುತ್ತಲ್ಲ ಮೇಸ್ತ್ರಿ."

"ಯಾವ ಪಕ್ಕದ ಮನೆ?"

ಸುವರ್ಣಾ ಬದಿಯ ಸೀರೆ ಸರಿಸಿ ಆಚೆ ಇಣುಕಿದಳು. ಹೌದಲ್ಲ, ಯಾವ ಪಕ್ಕದ ಮನೆ? ಹುಟ್ಟಿದಾಗಿನಿಂದ ಅವಳು ನೋಡಿದ ಮನೆಗಳೆಲ್ಲ ಗೋಡೆಗೆ ಗೋಡೆ ಅಂಟಿಕೊಂಡವು. ಬದಿಗೆ ಕಿಟಕಿ ತೆಗೆದರೆ ಪಕ್ಕದವರ ಬಚ್ಚಲ ಪೈಪು ಕಾಣುವ ಮನೆಗಳು. ಮುಂದೊಂದು ಕಿಟಕಿ, ಹಿಂದೊಂದು ಕಿಟಕಿ, ಬದಿಗೆ ಕುರುಡು ಗೋಡೆ. ಮನೆ ಎಂದರೆ ಹಾಗೇ ಇರಬೇಕು ಎಂದು ಅವಳ ಕೈಗೆ ಅಭ್ಯಾಸವಾಗಿಹೋಗಿತ್ತು. ಎರಡೂ ಬದಿ ಬಟಾಬಯಲಾಗಿದ್ದ ಜಾಗದಲ್ಲಿ ಈ ಮಹಾತಾಯಿ ಎರಡು ಕುರುಡು ಗೋಡೆ ನಿಲ್ಲಿಸಿದ್ದಳು.

ಮೊದಲು ನಕ್ಕವನು ಉದಯಕುಮಾರ್. ಬೆಳಿಗ್ಗೆಯಿಂದ ತುಟಿ ಬಿಚ್ಚದವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ದಿವ್ಯ, ಆಮೇಲೆ ಪಟಾಲಮ್ಮ, ಕೊನೆಗೆ ಸುವರ್ಣಾ ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ನಕ್ಕು ಮುಗಿದ ಮೇಲೆ ಎದ್ದು, ಚೀಲದಿಂದ ದೊಡ್ಡ ಕತ್ತರಿ ತೆಗೆದಳು.

"ಅತ್ತೆ, ನಿಮ್ಮ ಇಳಕಲ್ ಸೀರೆ..."

"ಕತ್ತರ್ಸೇ, ಅದೇನ್ ಕೇಳ್ತೀಯಾ!"

ಸುವರ್ಣಾ ಅಡುಗೆಮನೆಯ ಬದಿಯ ಸೀರೆಯಲ್ಲಿ ಮೂರಡಿ-ನಾಲ್ಕಡಿಯ ಚೌಕ ಕತ್ತರಿಸಿ ತೆಗೆದಳು. ಗಾಳಿ ನುಗ್ಗಿ ಬಂತು. ಆಚೆಗೆ ರಾಗಿ ಕೊಯ್ದ ಹೊಲ, ಒಂದು ಹುಣಸೆ ಮರ, ದೂರದಲ್ಲಿ ಸಾವನದುರ್ಗದ ಬಂಡೆ. ಅವಳು ಆ ಇಲ್ಲದ ಒಲೆಯ ಮುಂದೆ ನಿಂತು ನೋಡಿದಳು. ಇಪ್ಪತ್ತೆರಡು ವರ್ಷದಿಂದ ಅಡುಗೆ ಮಾಡುತ್ತಾ ಅವಳು ನೋಡಿದ್ದು ಗೋಡೆಯ ಎಣ್ಣೆ ಜಿಡ್ಡನ್ನು ಮಾತ್ರ. ಇನ್ನು ನಾಲ್ಕು ತಿಂಗಳಿಗೆ ಇದೆಲ್ಲ ನನ್ನದು ಎಂದು ಅನ್ನಿಸಿ ಅವಳಿಗೆ ಕುಣಿದುಬಿಡೋಣ ಎನ್ನುವಷ್ಟು ಖುಷಿಯಾಯಿತು. ಉದಯಕುಮಾರನೂ ಬಂದು ಪಕ್ಕದಲ್ಲಿ ನಿಂತ. ಬಹಳ ಹೊತ್ತು ನೋಡಿದ. ಆದರೆ ಕೈ ಜೇಬಿನ ಮೇಲೇ ಇತ್ತು.

ಮೂರು ಗಂಟೆಗೆ ಅವನು ವಾಚು ನೋಡಿ, "ಆಯ್ತಲ್ಲ ನಿನ್ನಾಟ. ವೆಂಕಟೇಶ್ ಬರೋ ಹೊತ್ತಾಯ್ತು, ಬಿಚ್ಚೋಣ್ವಾ?" ಎಂದ.

ಸುವರ್ಣಾಳಿಗೆ ರೇಗಿತು. ಆಟವಂತೆ ಆಟ!

"ಬಿಚ್ಚೋಣ ರೀ. ನಾನೇ ಬಿಚ್ತೀನಿ. ನನ್ನ ತಪ್ಪು ನನ್ನ ಟ್ರಯಲ್‌ನಲ್ಲಿ ಕಾಣಿಸ್ತು. ನಿಮ್ದೂ ಒಂದ್ ಟ್ರಯಲ್ ನೋಡೇಬಿಡೋಣ. ಏಳು ಲಕ್ಷಕ್ಕೆ ಹದಿನಾಲ್ಕು ಸೀರೆ, ಸೀರೆಗೆ ಐವತ್ತು ಸಾವಿರ. ವೆಂಕಟೇಶಂಗೆ ಆರೂವರೆ. ಎಷ್ಟಾಯ್ತು?"

ಅವಳು ಹೋಗಿ ಮುಂದಿನ ಗೋಡೆಯ ಪಿನ್ನು ಬಿಚ್ಚಿ, ಎರಡು ಸೀರೆ ಎಳೆದು ನೆಲಕ್ಕೆ ಹಾಕಿದಳು. "ಇದು ಪಾಯದ ಗುಂಡಿಗೆ." ಹಿಂದಿನ ಗೋಡೆ ಎಳೆದಳು. "ಇದು ಕಂಬಿಗೆ." ಎರಡು ಬದಿಯೂ ಬಂದವು, ಕಿಟಕಿ ಸಮೇತ. "ಇದು ಜಲ್ಲಿ, ಸಿಮೆಂಟು." ಒಳಗೋಡೆ ಬಂತು. ಸೂರಿನ ಒಂದು, ಎರಡು, ಮೂರನ್ನು ಎಳೆದಳು. ಹದಿಮೂರು ಸೀರೆ ನೆಲದ ಮೇಲೆ ಬಿದ್ದಿದ್ದವು. ಬಯಲಿನಲ್ಲಿ ಒಂಬತ್ತು ಗಳು ನಿಂತಿದ್ದವು. ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಪಟಾಲಮ್ಮ, ನೆತ್ತಿಯ ಮೇಲೆ ಫೆಬ್ರವರಿಯ ಬಿಸಿಲು. ಮುದುಕಿ ಕಣ್ಣಿಗೆ ಕೈ ಅಡ್ಡ ಹಿಡಿದುಕೊಂಡು ಮಗನ ಕಡೆ ನೋಡಿದಳು.

"ತಗೊಳ್ಳಿ, ಒಂಬತ್ ಪಿಲ್ಲರು" ಎಂದಳು ಸುವರ್ಣಾ. "ಒಂದ್ ಸೀರೆ ಮಿಕ್ಕಿದೆ. ಜೂನ್‌ನಲ್ಲಿ ನಿಮ್ಮಮ್ಮನ್ನ ಅದರ ಕೆಳಗೆ ಮಲಗಿಸ್ತೀರಾ, ಇಲ್ಲಾ ಮತ್ತೆ ಟು-ಲೆಟ್ ಬೋರ್ಡ್ ಹುಡುಕ್ಕೊಂಡು ಹೋಗೋಣ್ವಾ? ನಿಮಗೆ ಮನೆ ಬೆಳೆಸ್ಲೇಬೇಕು ಅಂದ್ರೆ ಪಕ್ಕಕ್ಕೆ ಬೆಳೆಸೋಣ ರೀ. ಬ್ಲೌಸಿಗೆ ಒಳಗೆ ಬಟ್ಟೆ ಬಿಟ್ಟು ಹೊಲಿಯಲ್ವಾ, ಹಂಗೆ ಜಾಗ ಬಿಟ್ಟಿದೀನಿ. ದುಡ್ಡು ಬಂದಾಗ ಇನ್ನೊಂದ್ ರೂಮು. ಮೇಲ್ಯಾಕೆ ಹೋಗ್ಬೇಕು?"

"ನಿಂಗೆ ಗೊತ್ತಾಗಲ್ಲ ಕಣೇ!"

ಉದಯಕುಮಾರ್ ಕೂಗಿದ ರಭಸಕ್ಕೆ ದಿವ್ಯ ಒಂದು ಹೆಜ್ಜೆ ಹಿಂದೆ ಸರಿದಳು. ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಅವಳು ಕೇಳಿಯೇ ಇರಲಿಲ್ಲ.

"ಇಪ್ಪತ್ತೆರಡು ವರ್ಷ ಕಣೇ. ಒಂದನೇ ತಾರೀಕು ಮೆಟ್ಟಿಲ್ ಹತ್ತಿ ಹೋಗಿ ಬಾಡಿಗೆ ಕೊಟ್ಟು, 'ನೀರ್ ಬರ್ತಿಲ್ಲ ಓನರ್, ಮೋಟರ್ ಹಾಕಿ ಓನರ್' ಅಂತ ಬಾಗಿಲಾಚೆ ಕೈ ಕಟ್ಕೊಂಡು ನಿಂತಿದೀನಿ. ಒಬ್ಬರಾದ್ರೂ ಕೂತ್ಕೊಳ್ಳಿ ಅಂದಿಲ್ಲ. ನನಗೂ ಆಸೆ ಇರಲ್ವಾ? ಸಾಯೋದ್ರೊಳಗೆ ಒಂದೇ ಒಂದ್ ಸಲ ಯಾರಾದ್ರೂ ನನ್ನ ಬಾಗಿಲಿಗೆ ಬಂದು ಓನರ್ ಇದಾರಾ ಅಂತ ಕೇಳ್ಬೇಕು. ಬರೀ ಮನೇಲಿದ್ರೆ ಯಾರೇ ಕೇಳ್ತಾರೆ? ಬಾಡಿಗೆಯವರು ಇದ್ರೆ ತಾನೆ ಓನರ್ರು?"

ಏಳು ಮನೆಗಳಲ್ಲೂ ಬಾಡಿಗೆ ಕೊಡಲು ಹೋಗುತ್ತಿದ್ದವನು ಅವನೇ. ಹಿಂದಿರುಗಿ ಬಂದು ಒಂದು ಲೋಟ ನೀರು ಕುಡಿದು ಸುಮ್ಮನೆ ಕೂರುತ್ತಿದ್ದ. ಸುವರ್ಣಾ ಅದನ್ನು ದಣಿವು ಎಂದುಕೊಂಡಿದ್ದಳು. ಅಯ್ಯೋ ದೇವರೇ, ಇಷ್ಟು ವರ್ಷ ಜೊತೆಗಿದ್ದು ಒಂದು ಸಲ ಕೇಳಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡಳು. ಗೆದ್ದೆ ಎಂದುಕೊಂಡಿದ್ದ ಮಾತು ಈಗ ಅವಳಿಗೇ ಕಹಿಯಾಯಿತು. ಹೋಗಲಿ, ಪಿಲ್ಲರೇ ಹಾಕಿಸಿಕೊಳ್ಳಿ, ಇನ್ನೆರಡು ವರ್ಷ ಬಾಡಿಗೆ ಮನೆಯಲ್ಲಿದ್ದರಾಯಿತು ಎಂಬ ಮಾತು ನಾಲಿಗೆಯ ತುದಿಗೆ ಬಂತು.

ಅಷ್ಟರಲ್ಲಿ ದಾರಿಯ ಕಡೆಯಿಂದ ಕೆಮ್ಮಿದ ಸದ್ದು ಕೇಳಿಸಿತು. ಹಸುವೊಂದನ್ನು ಹಗ್ಗ ಹಿಡಿದು ನಡೆಸಿಕೊಂಡು ಬಂದ ಹೆಂಗಸು ಸುಣ್ಣದ ಗೆರೆಯ ಆಚೆಗೇ ನಿಂತಿದ್ದಳು. "ನಮ್ಮೂರ ಪಾಪಮ್ಮ" ಎಂದು ಮುನಿವೆಂಕಟಪ್ಪ ಮೆಲ್ಲಗೆ ಹೇಳಿದ. ಪಾಪಮ್ಮ ಒಂಬತ್ತು ಗಳು, ಅವುಗಳ ಮೇಲೆ ಹಾರಾಡುತ್ತಿದ್ದ ಒಂಟಿ ಸೀರೆ, ನೆಲದ ಮೇಲಿನ ಬಟ್ಟೆ ರಾಶಿ ಎಲ್ಲವನ್ನೂ ನೋಡಿದಳು. ಗೆರೆ ದಾಟಲಿಲ್ಲ.

"ಈ ಮನೆ ಯಜಮಾನ್ರು ಯಾರವ್ವಾ?"

ಎಲ್ಲರೂ ಉದಯಕುಮಾರನ ಕಡೆ ನೋಡಿದರು. ಅವನೂ ಹಿಂದೆ ಯಾರಾದರೂ ಇದ್ದಾರೇನೋ ಎಂಬಂತೆ ತಿರುಗಿ ನೋಡಿದ. ಆಮೇಲೆ, "ನಾನೇ ಅಮ್ಮ" ಎಂದ. ಒಂದು ಹೆಜ್ಜೆ ಮುಂದೆ ಬಂದು ಇನ್ನೊಮ್ಮೆ, "ನಾನೇ" ಎಂದ.

ಪಾಪಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ಏಳೆಂಟ್ ವರ್ಸದಿಂದ ಹಸ ಇಲ್ಲೇ ಕಟ್ತಿದ್ದೆ ಯಜಮಾನ್ರೇ. ಖಾಲಿ ಜಾಗ ಅಂತ. ಈಗ ನೀವು ಬಂದ್ರಿ. ನೀವು ಬೇಡ ಅಂದ್ರೆ ಬೇರೆ ಕಡೆ ನೋಡ್ಕೋತೀನಿ. ಕಟ್ಬೋದಾ ಅಂತ ಒಂದ್ ಮಾತು ಕೇಳಾನಾ ಅಂತ ಬಂದೆ."

ಉದಯಕುಮಾರನ ಜೇಬಿನಲ್ಲಿ ಫೋನು ರಿಂಗಾಗಲು ಶುರುವಾಯಿತು. ವೆಂಕಟೇಶನದೇ ಇರಬೇಕು, ನಾಲ್ಕಾಗುತ್ತಿತ್ತು. ಅವನು ತೆಗೆಯಲಿಲ್ಲ. ಗೆರೆಯ ಹತ್ತಿರ ಹೋಗಿ ಹಸುವಿನ ಹಣೆ ಸವರಿದ. ಗೂಟ ಬಡಿಯಲು ಪಾಪಮ್ಮ ನೋಡುತ್ತಿದ್ದ ಜಾಗವನ್ನು ನೋಡಿ, ತಲೆ ಅಲ್ಲಾಡಿಸಿದ.

"ಕಟ್ಕೊಳ್ಳಿ ತಾಯಿ, ಅದಕ್ಕೇನಂತೆ. ಆದ್ರೆ ಇಲ್ಲಿ ಬೇಡ, ಆ ಕಡೆ ಮೂಲೇಲಿ ಕಟ್ಟಿ. ಇಲ್ಲಿ ನಮ್ಮನೆಯವಳ ಅಡುಗೆಮನೆ ಕಿಟಕಿ ಬರುತ್ತೆ."

ಪಾಪಮ್ಮ ಹಸುವನ್ನು ಆ ಕಡೆಗೆ ತಿರುಗಿಸಿದಳು. ಮುನಿವೆಂಕಟಪ್ಪ ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು, "ಕಿಟಕಿ ಎಷ್ಟಡಿ ಇಡಾನಾ ಯಜಮಾನ್ರೇ?" ಎಂದು ಕೇಳಿದ. ಸುವರ್ಣಾಳಿಗೆ ಸಂತೋಷಕ್ಕೆ ಅಳು ಬಂದುಬಿಟ್ಟಿತ್ತು. ಅವಳು ನೆಲದ ಮೇಲಿದ್ದ ಸೀರೆ ಎತ್ತಿಕೊಂಡು, ಪಿನ್ನುಗಳನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಅತ್ತೆಗೆ ನೆರಳಾಗುವ ಕಡೆಯಿಂದ ಮತ್ತೆ ಕಟ್ಟತೊಡಗಿದಳು.